ಚಾವಿ ಕೊಡುವ ಮೊದಲು ಲೈಸೆನ್ಸು ಕೇಳಿರಿ



ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರಿನ ಚಾವಿಯನ್ನು ಎಲ್ಲಿಡುತ್ತೀರಿ? ಹೆಚ್ಚಿನ ಮನೆಗಳಲ್ಲಿ ಅದು ನಡುಮನೆಯ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ. ಮಗ ತೆಗೆದುಕೊಳ್ಳುತ್ತಾನೆ, ಅಳಿಯ ತೆಗೆದುಕೊಳ್ಳುತ್ತಾನೆ, ಆಳುಮಗ ತೆಗೆದುಕೊಳ್ಳುತ್ತಾನೆ. ಪಕ್ಕದ ಹೊಲದವರು "ಒಂದು ಗಳಿಗೆ ಕೊಡಿ ಗೌಡ್ರೇ, ಒಂದು ಲೋಡು ಗೊಬ್ಬರ ಹಾಕ್ಕೊಂಡು ಬಂದುಬಿಡ್ತೀನಿ" ಎಂದು ಕೇಳಿ ಒಯ್ಯುತ್ತಾರೆ. ಇವರಲ್ಲಿ ಯಾರಿಗೆ ಲೈಸೆನ್ಸು ಇದೆ, ಯಾರಿಗೆ ಇಲ್ಲ ಎಂದು ಕೇಳುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದು ಬೇಸರಪಟ್ಟುಕೊಳ್ಳುವವರೇ ಹೆಚ್ಚು.

ಎತ್ತಿನ ಗಾಡಿಯ ಕಾಲದಲ್ಲಿ ಈ ವಾಡಿಕೆಯಿಂದ ಕೇಡೇನೂ ಇರಲಿಲ್ಲ. ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತುಗಳು ಮನೆಯ ದಾರಿ ಹಿಡಿಯುತ್ತಿದ್ದವು. ಎದುರಿಗೆ ಮಗು ಬಂದರೆ ತಾವೇ ನಿಲ್ಲುತ್ತಿದ್ದವು. ಇಂಜಿನ್ನಿಗೆ ಅಂಥ ಬುದ್ಧಿ ಇಲ್ಲ. ಆದ್ದರಿಂದಲೇ ಅದನ್ನು ನಡೆಸುವವನ ಕಣ್ಣು, ಕೈಕಾಲು, ತಿಳಿವಳಿಕೆಗಳನ್ನು ಪರೀಕ್ಷಿಸಿ ಸರ್ಕಾರವು ಲೈಸೆನ್ಸು ಕೊಡುತ್ತದೆ. ಅದಿಲ್ಲದೆ ರಸ್ತೆಗೆ ಇಳಿದರೆ ಪೊಲೀಸರು ಹಿಡಿದು ದಂಡ ಹಾಕುತ್ತಾರೆಂಬುದು ಎಲ್ಲರಿಗೂ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದಿರುವುದು ಅದರ ಮುಂದಿನ ಮಾತು. ದಂಡ ಒಂದು ದಿನದ ನೋವು. ಅಪಘಾತವಾಯಿತೆಂದರೆ ಬರುವ ಲಕ್ಷಗಟ್ಟಲೆ ರೂಪಾಯಿಯ ಹೊರೆಯು ಓಡಿಸಿದವನ ಮೇಲಷ್ಟೇ ಅಲ್ಲ, ಚಾವಿ ಕೊಟ್ಟ ಮಾಲೀಕನ ಮೇಲೂ ಬೀಳುತ್ತದೆ. ಮತ್ತು ಅದನ್ನು ಅವನ ಜಮೀನಿನಿಂದಲೇ ವಸೂಲು ಮಾಡುವ ದಾರಿ ಕಾನೂನಿನಲ್ಲಿದೆ. ಈ ಪಾಠವನ್ನು ಬರೆದಿರುವುದು ಮುಖ್ಯವಾಗಿ ಅದಕ್ಕಾಗಿ.

ಲೈಸೆನ್ಸು ಎಲ್ಲಿ ಬೇಕು, ಎಲ್ಲಿ ಬೇಡ

ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯಿದೆ. 1939ರ ಹಳೆಯ ಕಾಯಿದೆಯ ಜಾಗದಲ್ಲಿ ಇದು 1989ರ ಜುಲೈ 1ರಿಂದ ಜಾರಿಗೆ ಬಂತು. 2019ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸುವವನು ಆ ಬಗೆಯ ವಾಹನಕ್ಕೆ ಕೊಟ್ಟ, ಅವಧಿ ಮುಗಿಯದ ಲೈಸೆನ್ಸನ್ನು ಹೊಂದಿರತಕ್ಕದ್ದು ಎಂದು ಇದರ 3ನೆಯ ಕಲಮು ಹೇಳುತ್ತದೆ.

"ಸಾರ್ವಜನಿಕ ಸ್ಥಳ" ಎಂಬ ಮಾತನ್ನು ಗಮನಿಸಿರಿ. ನಿಮ್ಮ ಸ್ವಂತ ಹೊಲದೊಳಗೆ ಉಳುಮೆ ಮಾಡುವಾಗ, ರೋಟವೇಟರ್ ಹೊಡೆಯುವಾಗ ಈ ಕಲಮು ಅಡ್ಡ ಬರುವುದಿಲ್ಲ. ಇದನ್ನು ಹಿಡಿದುಕೊಂಡೇ ಕೆಲವರು "ನಾವು ರೈತರು, ನಮಗೆ ಲೈಸೆನ್ಸು ಬೇಡ" ಎಂದು ವಾದಿಸುವುದುಂಟು. ಅದು ಅರ್ಧ ನಿಜ. ಜನರಿಗೆ ಓಡಾಡುವ ಹಕ್ಕಿರುವ ಯಾವ ದಾರಿಯೂ, ಡಾಂಬರು ಕಂಡಿರಲಿ ಕಾಣದಿರಲಿ, ಕಾನೂನಿನ ಕಣ್ಣಿಗೆ ಸಾರ್ವಜನಿಕ ಸ್ಥಳವೇ. ಊರೊಳಗಿನ ಓಣಿ, ಕೆರೆ ಏರಿಯ ಮೇಲಿನ ರಸ್ತೆ, ಎಲ್ಲರೂ ತಿರುಗಾಡುವ ಬಂಡಿದಾರಿ, ಸಂತೆ ಮೈದಾನ ಇವೆಲ್ಲ ಅದರಲ್ಲಿ ಸೇರುತ್ತವೆ. ಟ್ರ್ಯಾಕ್ಟರು ಮನೆಯ ಹಿತ್ತಲಿನಿಂದ ಹೊಲಕ್ಕೆ ಹಾರಿಕೊಂಡು ಹೋಗುವುದಿಲ್ಲ. ನಡುವೆ ರಸ್ತೆ ಇದ್ದೇ ಇರುತ್ತದೆ.

ಎರಡನೆಯ ಮಾತು "ಆ ಬಗೆಯ ವಾಹನಕ್ಕೆ" ಎಂಬುದು. ಬೈಕಿನ ಲೈಸೆನ್ಸು ಇರುವ ಹುಡುಗ ಟ್ರ್ಯಾಕ್ಟರು ನಡೆಸಿದರೆ, ಟ್ರ್ಯಾಕ್ಟರಿನ ಮಟ್ಟಿಗೆ ಅವನು ಲೈಸೆನ್ಸು ಇಲ್ಲದವನೇ. ಗೇರಿಲ್ಲದ ಸ್ಕೂಟರಿನ ಲೈಸೆನ್ಸಿನ ಮೇಲೆ ಗೇರಿನ ಬೈಕು ನಡೆಸುವುದೂ ಹಾಗೆಯೇ. ಸಂಘದ ಸಾಲದಲ್ಲಿ ಸ್ಕೂಟರು ಕೊಂಡ ಅಕ್ಕತಂಗಿಯರು ಇದನ್ನು ನೆನಪಿಡಬೇಕು.

ಹಾಗಾದರೆ ಟ್ರ್ಯಾಕ್ಟರಿಗೆ ಯಾವ ಲೈಸೆನ್ಸು? ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರನ್ನು ಕಾಯಿದೆಯು ಹಗುರ ಮೋಟಾರು ವಾಹನಗಳ ಗುಂಪಿಗೆ ಸೇರಿಸಿದೆ. ನಮ್ಮ ಬೇಸಾಯದ ಟ್ರ್ಯಾಕ್ಟರುಗಳು ಇದಕ್ಕಿಂತ ಎಷ್ಟೋ ಕಡಿಮೆ ತೂಗುತ್ತವೆ. ಹಿಂದೆ ಟ್ರೈಲರು ಕಟ್ಟಿದ ಕೂಡಲೇ ಅದು ಸರಕು ಸಾಗಣೆಯ ವಾಹನವಾಗುತ್ತದೆ, ಟ್ರ್ಯಾಕ್ಟರಿನ ಲೈಸೆನ್ಸು ಸಾಲದು ಎಂದು ವಿಮಾ ಕಂಪನಿಯೊಂದು ವಾದಿಸಿತ್ತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ಟ್ರ್ಯಾಕ್ಟರು ನಡೆಸಲು ಲೈಸೆನ್ಸು ಇದ್ದವನು ಟ್ರೈಲರು ಕಟ್ಟಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ತೀರ್ಪಾಯಿತು. 2024ರ ನವೆಂಬರ್ 6ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು, ಹಗುರ ವಾಹನದ ಲೈಸೆನ್ಸು ಇರುವವನು ಒಟ್ಟು ತೂಕ 7,500 ಕಿಲೋದೊಳಗಿನ ಸರಕು ವಾಹನವನ್ನೂ ನಡೆಸಬಹುದೆಂದು ಹೇಳಿತು. ತರಕಾರಿ ಮಾರುಕಟ್ಟೆಗೆ ಟಾಟಾ ಏಸ್ ಒಯ್ಯುವವರಿಗೆ ಇದು ಅನುಕೂಲದ ತೀರ್ಪು. ಟ್ರೈಲರಿಗೆ ಮಾತ್ರ ಪ್ರತ್ಯೇಕ ನೋಂದಣಿಯೂ ವಿಮೆಯೂ ಬೇಕು, ಅದನ್ನು ಮರೆಯಬಾರದು.

ವಯಸ್ಸು 18 ತುಂಬಿರಬೇಕು. 50 ಸಿ.ಸಿ. ಮೀರದ ಚಿಕ್ಕ ಮೋಟಾರು ಸೈಕಲ್ಲಿಗೆ ಮಾತ್ರ 16 ಸಾಕು. ಅಂಥ ಗಾಡಿಗಳು ಈಗ ಕಾಣಸಿಗುವುದೇ ಅಪರೂಪ. ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, 250 ವ್ಯಾಟಿಗಿಂತ ಕಡಿಮೆ ಶಕ್ತಿಯ ವಿದ್ಯುತ್ ಗಾಡಿಗೆ ಲೈಸೆನ್ಸು ಬೇಡ. ಆದರೆ ಬ್ಯಾಟರಿ ಗಾಡಿಗಳಿಗೆಲ್ಲ ಬೇಡವೆಂದು ಅಂಗಡಿಯವರು ಹೇಳಿದರೆ ನಂಬಬೇಡಿರಿ.

ದಂಡವೂ ಸೆರೆಯೂ

ಲೈಸೆನ್ಸಿಲ್ಲದೆ ನಡೆಸಿದವನಿಗೆ 181ನೆಯ ಕಲಮಿನಂತೆ 3 ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. 2019ರ ಸೆಪ್ಟೆಂಬರ್ 1ಕ್ಕೆ ಮೊದಲು ದಂಡವು 500 ರೂಪಾಯಿವರೆಗೆ ಮಾತ್ರ ಇತ್ತು. ಸ್ಥಳದಲ್ಲಿಯೇ ಕಟ್ಟಿ ಮುಗಿಸುವ ರಾಜಿ ದಂಡವನ್ನು ಗೊತ್ತುಪಡಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. 2019ರಲ್ಲಿಯೇ ಕರ್ನಾಟಕ ಸರ್ಕಾರವು ಹಲವು ತಪ್ಪುಗಳಿಗೆ ಅದನ್ನು ಇಳಿಸಿತು. ಇಳಿಸಿದ್ದು ರಾಜಿಯ ಮೊತ್ತವನ್ನು. ಮೊಕದ್ದಮೆ ನ್ಯಾಯಾಲಯಕ್ಕೆ ಹೋದರೆ ಕಾಯಿದೆಯ ಶಿಕ್ಷೆಯೇ ಅನ್ವಯಿಸುತ್ತದೆ.

ಇದರ ಪಕ್ಕದಲ್ಲೇ 180ನೆಯ ಕಲಮು ಇದೆ. ಮಾಲೀಕನು, ಅಥವಾ ವಾಹನವನ್ನು ವಶದಲ್ಲಿಟ್ಟುಕೊಂಡವನು, ಲೈಸೆನ್ಸಿಲ್ಲದವನಿಗೆ ಅದನ್ನು ನಡೆಸಲು ಬಿಟ್ಟರೆ ಅವನಿಗೂ ಅದೇ ಶಿಕ್ಷೆ: 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಅಂದರೆ ತಪ್ಪು ಒಂದು, ತಪ್ಪಿತಸ್ಥರು ಇಬ್ಬರು. ಮನೆಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿದ್ದವನೂ ತಪ್ಪಿತಸ್ಥ. ನ್ಯಾಯಾಲಯ ಲೈಸೆನ್ಸನ್ನು ಅಮಾನತು ಮಾಡಿದವನು ಮತ್ತೆ ನಡೆಸಿದರೆ ದಂಡ 10,000 ರೂಪಾಯಿ, ಸೆರೆಯೂ ಆಗಬಹುದು.

ಇವಕ್ಕಿಂತ ರೈತನಿಗೆ ಹೆಚ್ಚು ತಟ್ಟುವುದು 207ನೆಯ ಕಲಮು. ಲೈಸೆನ್ಸಿಲ್ಲದೆ ನಡೆಸುತ್ತಿದ್ದ ವಾಹನವನ್ನು ಪೊಲೀಸರು ವಶಕ್ಕೆ ತೆಗೆದುಕೊಂಡು ಠಾಣೆಯಲ್ಲಿ ನಿಲ್ಲಿಸಬಹುದು. ಮಳೆ ಬಿದ್ದು ಹದ ಬಂದಿರುವಾಗ ಟ್ರ್ಯಾಕ್ಟರು ಒಂದು ವಾರ ಠಾಣೆಯ ಅಂಗಳದಲ್ಲಿ ನಿಂತರೆ ಆ ವಾರದ ಬಿತ್ತನೆಯನ್ನು ಯಾವ ರಸೀದಿಯೂ ಹಿಂದಕ್ಕೆ ತಂದುಕೊಡದು.

ಒಂದು ವ್ಯತ್ಯಾಸ ತಿಳಿದಿರಲಿ. ಲೈಸೆನ್ಸು ಇದ್ದು ಮನೆಯಲ್ಲಿ ಮರೆತು ಬಂದವನೂ, ಲೈಸೆನ್ಸೇ ಇಲ್ಲದವನೂ ಒಂದಲ್ಲ. ಮರೆತವನಿಗೆ ಅದನ್ನು 15 ದಿನದೊಳಗೆ ತಂದು ತೋರಿಸಲು ನಿಯಮದಲ್ಲಿ ಅವಕಾಶವಿದೆ. ಮೊಬೈಲಿನ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ಇಟ್ಟುಕೊಂಡ ಪ್ರತಿಯೂ ನಡೆಯುತ್ತದೆ. ಫೋನಿನಲ್ಲಿ ಹಿಡಿದ ಬರೀ ಫೋಟೋ ಅದಕ್ಕೆ ಸಮವಲ್ಲ.

ಶಾಲೆಯ ಹುಡುಗರ ವಿಷಯ

ಬೆಳಗಿನ ಹೊತ್ತು ಡೇರಿಗೆ ಹಾಲಿನ ಕ್ಯಾನು ಒಯ್ಯುವ ಬೈಕುಗಳನ್ನು ನೋಡಿದ್ದೀರಿ. ಎಷ್ಟೋ ವೇಳೆ ನಡೆಸುವವನಿಗೆ ಮೀಸೆ ಮೂಡಿರುವುದಿಲ್ಲ. "ನಮ್ಮ ಹುಡುಗ ಹತ್ತನೇ ಕ್ಲಾಸಿಗೇ ಟ್ರ್ಯಾಕ್ಟರು ಹೊಡೀತಾನೆ" ಎಂದು ಹೆಮ್ಮೆಯಿಂದ ಹೇಳುವ ತಂದೆಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕೆಲಸ ಕಲಿತ ಮಗನ ಬಗ್ಗೆ ಹೆಮ್ಮೆಪಡುವುದು ತಪ್ಪಲ್ಲ. ಆದರೆ 2019ರ ತಿದ್ದುಪಡಿಯಲ್ಲಿ ಸೇರಿದ 199-ಎ ಕಲಮನ್ನು ಆ ತಂದೆಯರು ಒಮ್ಮೆ ಕೇಳಿಸಿಕೊಳ್ಳಬೇಕು.

18 ತುಂಬದವನು ವಾಹನ ನಡೆಸಿ ತಪ್ಪು ಮಾಡಿದರೆ ತಂದೆ ಅಥವಾ ಪೋಷಕ, ಇಲ್ಲವೇ ವಾಹನದ ಮಾಲೀಕ, ತಪ್ಪಿತಸ್ಥನೆಂದು ಎಣಿಸಲಾಗುತ್ತದೆ. ಅವನಿಗೆ 3 ವರ್ಷದವರೆಗೆ ಸೆರೆ, ಜೊತೆಗೆ 25,000 ರೂಪಾಯಿ ದಂಡ. ಇಲ್ಲಿ "ಅಥವಾ" ಎಂಬ ಮಾತಿಲ್ಲ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸು ಸಿಗದು. ಊರಿನ ಹುಡುಗನೊಬ್ಬ ಬಸ್ಸಿನ ಅಥವಾ ಲಾರಿಯ ಚಾಲಕನಾಗಿ ಹೊಟ್ಟೆ ಹೊರೆಯುವ ಆಸೆ ಇಟ್ಟುಕೊಂಡಿದ್ದರೆ ಅವನ ದಾರಿ ಅಷ್ಟು ವರ್ಷ ಮುಚ್ಚಿತು. "ನನಗೆ ಗೊತ್ತಿಲ್ಲದೆ ಒಯ್ದ, ನಾನು ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ" ಎಂದು ತಂದೆ ರುಜುವಾತು ಮಾಡಿದರೆ ಬಿಡುಗಡೆ ಉಂಟು. ಆದರೆ ರುಜುವಾತು ಮಾಡುವ ಭಾರ ತಂದೆಯದು. ಮೊಳೆಗೆ ತೂಗುವ ಚಾವಿ ಅವನ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಅಪಘಾತವಾದಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬ ರೈತ ಎಂದಿಟ್ಟುಕೊಳ್ಳಿರಿ. ಮೂರು ಎಕರೆ ನೀರಾವರಿ ಜಮೀನು, ಸಾಲದಲ್ಲಿ ಕೊಂಡ ಟ್ರ್ಯಾಕ್ಟರು, ವಿಮೆಯನ್ನು ತಪ್ಪದೆ ಕಟ್ಟಿದ್ದಾನೆ. ಕಬ್ಬು ಸಾಗಿಸಲು ಆಳಿನ ಕೈಗೆ ಟ್ರ್ಯಾಕ್ಟರು ಕೊಟ್ಟ. ಆಳಿಗೆ ಲೈಸೆನ್ಸಿಲ್ಲವೆಂಬುದು ಅವನಿಗೆ ಗೊತ್ತು. ಸಂಜೆಗತ್ತಲಲ್ಲಿ ತಿರುವಿನ ಬಳಿ ಬೈಕಿಗೆ ತಗುಲಿ, ಬೈಕಿನವನು ತೀರಿಕೊಂಡ. ಅವನಿಗೆ 35 ವರ್ಷ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನ ದುಡಿಮೆಯನ್ನೇ ನಂಬಿದ್ದರು.

ಆ ಕುಟುಂಬದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ, ಹಾಕಬೇಕಾದ್ದೇ. ಪರಿಹಾರದ ಲೆಕ್ಕವನ್ನು ಹೇಗೆ ಹಾಕಬೇಕೆಂದು ಸರ್ವೋಚ್ಚ ನ್ಯಾಯಾಲಯವು 2009 ಮತ್ತು 2017ರ ತೀರ್ಪುಗಳಲ್ಲಿ ಗೊತ್ತುಮಾಡಿದೆ. ಸ್ವಂತ ದುಡಿಮೆಯ, 40ರೊಳಗಿನ ವಯಸ್ಸಿನವನಾದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ನೂರಕ್ಕೆ 40ರಷ್ಟು ಸೇರಿಸುತ್ತಾರೆ: 12,000 ಹೋಗಿ 16,800 ಆಯಿತು. ವರ್ಷಕ್ಕೆ 2,01,600. ನಂಬಿದವರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 1,51,200. 31ರಿಂದ 35ರ ವಯಸ್ಸಿಗೆ 16ರಿಂದ ಗುಣಿಸಬೇಕು. ಬಂದ ಮೊತ್ತ 24,19,200 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು, ಮನೆಯವರ ಅಗಲಿಕೆಯ ಪರಿಹಾರ, ಬಡ್ಡಿ ಬೇರೆ.

"ವಿಮೆ ಇದೆಯಲ್ಲ, ಕಂಪನಿ ಕಟ್ಟುತ್ತದೆ" ಎಂದು ನೀವು ಹೇಳುವಿರಿ. ಕಟ್ಟುತ್ತದೆ, ನಿಜ. ಲೈಸೆನ್ಸಿಲ್ಲದವನು ನಡೆಸಿದ್ದು ವಿಮೆಯ ಷರತ್ತಿಗೆ ವಿರುದ್ಧ. ಆದರೂ ಸತ್ತವನ ಕುಟುಂಬ ಅದರಿಂದ ಬರಿಗೈಯಾಗಬಾರದೆಂದು ಸರ್ವೋಚ್ಚ ನ್ಯಾಯಾಲಯವು 2004ರ ಜನವರಿಯ ಒಂದು ಪ್ರಸಿದ್ಧ ತೀರ್ಪಿನಲ್ಲಿ ದಾರಿ ತೋರಿಸಿತು: ಕಂಪನಿ ಮೊದಲು ಕುಟುಂಬಕ್ಕೆ ಹಣ ಕೊಡಲಿ, ಆಮೇಲೆ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. 2020ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣ ಪೀಠವೂ ಈ ತತ್ವವನ್ನೇ ಎತ್ತಿಹಿಡಿಯಿತು. ನ್ಯಾಯವಾದ ದಾರಿ, ಸಂದೇಹವಿಲ್ಲ. ವಿಧವೆಯನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಅದರ ಎರಡನೆಯ ಅರ್ಧ ನಮ್ಮ ರೈತನ ಬಾಗಿಲಿಗೆ ಬಂದು ನಿಲ್ಲುತ್ತದೆ.

ಹೇಗೆ ಬರುತ್ತದೆ? ಕಾಯಿದೆಯ 174ನೆಯ ಕಲಮಿನಂತೆ ನ್ಯಾಯಮಂಡಳಿಯು ಜಿಲ್ಲಾಧಿಕಾರಿಗೆ ಒಂದು ಪ್ರಮಾಣಪತ್ರ ಕಳುಹಿಸಬಹುದು. ಆಗ ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಕಂದಾಯದ ಬಾಕಿಗೆ ಏನು ಮಾಡುತ್ತಾರೆಂಬುದನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ. ಚರ ಸ್ವತ್ತಿನ ಜಪ್ತಿ, ಸ್ಥಿರ ಸ್ವತ್ತಿನ ಜಪ್ತಿ, ಹರಾಜು. 1964ರ ಭೂಕಂದಾಯ ಕಾಯಿದೆಯಲ್ಲಿ ಇವೆಲ್ಲಕ್ಕೂ ಅಧಿಕಾರವಿದೆ. ಮೂರು ಎಕರೆಯ ಪಹಣಿಯ ಮೇಲೆ 24 ಲಕ್ಷಕ್ಕೆ ಮೀರಿದ ಋಣ ಬಂದು ಕೂತಿತು. ಟ್ರ್ಯಾಕ್ಟರಿನ ಸಾಲದ ಕಂತು ಹಾಗೆಯೇ ಇದೆ.

ವಿಮೆಯನ್ನೇ ಕಟ್ಟದಿದ್ದರಂತೂ ನಡುವೆ ಕಂಪನಿಯೂ ಇಲ್ಲ. ಇಡೀ ಮೊತ್ತ ನೇರವಾಗಿ ಮಾಲೀಕನ ತಲೆಗೆ.

ಆ ಆಳಿನ ಗತಿ ಬೇರೆ. ಅಜಾಗರೂಕತೆಯಿಂದ ಸಾವು ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ 5 ವರ್ಷದವರೆಗೆ ಸೆರೆ ಉಂಟು. 2024ರ ಜುಲೈ 1ರ ತನಕ ಇದ್ದ ಹಳೆಯ ದಂಡಸಂಹಿತೆಯಲ್ಲಿ ಇದು 2 ವರ್ಷವಾಗಿತ್ತು. ಲೈಸೆನ್ಸು ಇಲ್ಲವೆಂಬುದೇ ಅಜಾಗರೂಕತೆಗೆ ಪುರಾವೆಯಾಗದು, ಹೇಗೆ ನಡೆಸಿದನೆಂಬುದನ್ನು ನೋಡಬೇಕು ಎಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹಾರದ ಪ್ರಕರಣವೊಂದರಲ್ಲಿ ಹೇಳಿದೆ. ಒಪ್ಪತಕ್ಕ ಮಾತು. ಆದರೆ ತಿರುವಿನಲ್ಲಿ ದೀಪ ಹಾಕಬೇಕು, ಟ್ರೈಲರಿನ ಹಿಂದೆ ಕೆಂಪು ಪಟ್ಟಿ ಇರಬೇಕು ಎಂಬುದನ್ನು ಪರೀಕ್ಷೆಗೆ ಕೂರದವನು ಎಲ್ಲಿ ಕಲಿತಾನು?

ಇನ್ನು ಮಾಲೀಕನೇ ಲೈಸೆನ್ಸಿಲ್ಲದೆ ನಡೆಸಿ ತಾನೇ ಬಿದ್ದು ಸತ್ತರೆ? ವಿಮೆಯ ಜೊತೆ ಮಾಲೀಕ-ಚಾಲಕನಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ. ಅದು ಸಿಗಲು ಅವನ ಹೆಸರಿನಲ್ಲಿ ಜಾರಿಯಲ್ಲಿರುವ ಲೈಸೆನ್ಸು ಇರಬೇಕೆಂಬುದು ಷರತ್ತು. ಟ್ರ್ಯಾಕ್ಟರು ಮಗುಚಿ ಮನೆಯ ಯಜಮಾನ ಹೋದ ದಿನ ಹೆಂಡತಿ ಮಕ್ಕಳ ಕೈಗೆ ಬರಬೇಕಾಗಿದ್ದ ಹಣ ಒಂದು ಕಾರ್ಡಿಲ್ಲದ ಕಾರಣಕ್ಕೆ ನಿಲ್ಲುತ್ತದೆ.

ಒಂದು ಕೆಟ್ಟ ಸಲಹೆ

ಅಪಘಾತವಾದ ಕೂಡಲೇ ಊರಿನಲ್ಲಿ ಒಬ್ಬ ಬುದ್ಧಿವಂತ ಹುಟ್ಟಿಕೊಳ್ಳುತ್ತಾನೆ. "ಹೆಂಗೂ ಯಾರೂ ನೋಡಿಲ್ಲ. ಲೈಸೆನ್ಸು ಇರೋ ನಿನ್ನ ಭಾವಮೈದನ ಹೆಸರು ಬರೆಸಿಬಿಡು" ಎನ್ನುತ್ತಾನೆ. ಈ ಮಾತಿಗೆ ಕಿವಿಗೊಡಬೇಡಿರಿ. ವಾಹನವನ್ನು ಯಾರು ನಡೆಸುತ್ತಿದ್ದರೆಂದು ಪೊಲೀಸರು ಕೇಳಿದರೆ ಚಾಲಕನ ಹೆಸರು, ವಿಳಾಸ, ಲೈಸೆನ್ಸಿನ ವಿವರ ತಿಳಿಸುವುದು 133ನೆಯ ಕಲಮಿನಂತೆ ಮಾಲೀಕನ ಕರ್ತವ್ಯ. ಸುಳ್ಳು ಹೆಸರು ಕೊಡುವುದು, ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ ಹೇಳುವುದು, ತಪ್ಪು ಮಾಡಿದವನನ್ನು ಉಳಿಸಲು ಪುರಾವೆ ಮರೆಮಾಡುವುದು ಒಂದೊಂದೂ ಪ್ರತ್ಯೇಕ ಅಪರಾಧ. ಗಾಯಾಳು ಬದುಕಿದ್ದರೆ ಅವನೇ ಹೇಳುತ್ತಾನೆ. ಮೊಬೈಲು ಫೋನು ಯಾರು ಎಲ್ಲಿದ್ದರೆಂಬುದನ್ನು ಹೇಳುತ್ತದೆ. ವಿಮಾ ಕಂಪನಿಯೂ ತನ್ನ ಕಡೆಯಿಂದ ತನಿಖೆ ಮಾಡಿಸುತ್ತದೆ. ಕೊನೆಗೆ ಭಾವಮೈದನೂ ಸಿಕ್ಕಿಬೀಳುತ್ತಾನೆ. ಆ ಹೊತ್ತಿನಲ್ಲಿ ಮಾಡಬೇಕಾದ್ದು ಬೇರೆಯೇ ಇದೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೂ ತಿಳಿಸುವುದು. ಚಾಲಕನ ಈ ಕರ್ತವ್ಯಗಳು 134ನೆಯ ಕಲಮಿನಲ್ಲಿವೆ. ಪೊಲೀಸರಿಗೆ ತಿಳಿಸಲು ಇರುವ ಹೆಚ್ಚಿನ ಗಡುವು 24 ಗಂಟೆ.

ಮಾಲೀಕನಿಗೆ ಇರುವ ರಕ್ಷಣೆ

2004ರ ಆ ತೀರ್ಪಿನಲ್ಲಿ ಮಾಲೀಕನಿಗೆ ಧೈರ್ಯ ಕೊಡುವ ಭಾಗವೂ ಇದೆ. ಲೈಸೆನ್ಸಿನಲ್ಲಿ ದೋಷವಿತ್ತು ಎಂದು ತೋರಿಸಿದರೆ ಸಾಲದು. ಮಾಲೀಕ ತಿಳಿದೂ ಕೊಟ್ಟ, ಅಥವಾ ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ ಎಂಬುದನ್ನು ಕಂಪನಿಯೇ ಸಾಬೀತು ಮಾಡಬೇಕು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ ಲಾರಿಯ ಚಾಲಕನು ಇಂಜಿನ್ ನಿಲ್ಲಿಸದೆ ತಿಂಡಿ ತರಲು ಇಳಿದು ಹೋಗಿದ್ದ. ಲೈಸೆನ್ಸಿಲ್ಲದ ಕ್ಲೀನರು ಲಾರಿ ನಡೆಸಿ ಅಪಘಾತ ಮಾಡಿದ. ಮಾಲೀಕನು ಲೈಸೆನ್ಸಿರುವ ಚಾಲಕನನ್ನೇ ನೇಮಿಸಿದ್ದರಿಂದ ಷರತ್ತು ಮುರಿದವನು ಅವನಲ್ಲ ಎಂದು ತೀರ್ಮಾನವಾಯಿತು. 2003ರ ಇನ್ನೊಂದು ತೀರ್ಪಿನ ಪ್ರಕಾರ, ಚಾಲಕನನ್ನು ಇಟ್ಟುಕೊಳ್ಳುವಾಗ ಮಾಲೀಕನು ಲೈಸೆನ್ಸನ್ನು ನೋಡಿ, ಅದು ಮೇಲ್ನೋಟಕ್ಕೆ ಸಾಚಾ ಎಂದು ಕಂಡು, ಒಮ್ಮೆ ನಡೆಸಿ ತೋರಿಸೆಂದು ಪರೀಕ್ಷಿಸಿದ್ದರೆ ಸಾಕು. ಆಮೇಲೆ ಅದು ನಕಲಿ ಎಂದು ಗೊತ್ತಾದರೂ ಹೊರೆ ಅವನ ಮೇಲೆ ಬಾರದು.

ಆದ್ದರಿಂದ ಎಚ್ಚರವೆಂದರೆ ದೊಡ್ಡ ಕೆಲಸವಲ್ಲ. ಆಳು, ಬಾಡಿಗೆಯವನು, ನೆಂಟ, ಯಾರೇ ಆಗಲಿ ಕಾರ್ಡು ಕೇಳಿರಿ. ಹೆಸರು, ವಾಹನದ ಬಗೆ, ಅವಧಿ ಮುಗಿಯುವ ದಿನಾಂಕ ಈ ಮೂರನ್ನು ನೋಡಿರಿ. ಎರಡೂ ಬದಿಯ ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿರಿ. ಇಲ್ಲವೆಂದವನಿಗೆ ಚಾವಿ ಇಲ್ಲ. ನೆಂಟಸ್ತಿಕೆ ಕೆಡುತ್ತದೆಂದು ಹಿಂಜರಿಯುವವರು ವಿಮಾ ಕಂಪನಿಯ ಮೇಲೆ ತಪ್ಪು ಹಾಕಿ ಹೇಳಬಹುದು: "ಅವರು ಬಿಡೋದಿಲ್ಲ ಮಾವಾ, ಕಾರ್ಡು ಇಲ್ಲದೆ ಕೊಟ್ಟರೆ ನನ್ನ ಹೊಲಕ್ಕೇ ಬರ್ತಾರೆ." ಸುಳ್ಳೇನೂ ಅಲ್ಲ.

ಟ್ರೈಲರಿನಲ್ಲಿ ಕೂಲಿಯವರನ್ನೂ ದಿಬ್ಬಣದವರನ್ನೂ ತುಂಬಿಕೊಂಡು ಹೋಗುವುದು ಬೇರೆಯೇ ಒಂದು ತಪ್ಪು. ನಡೆಸುವವನಿಗೆ ಲೈಸೆನ್ಸು ಇದ್ದರೂ ಅದು ಸರಿಯಾಗುವುದಿಲ್ಲ.

ಲೈಸೆನ್ಸು ಪಡೆಯುವುದು ಹೇಗೆ

"ನನಗೆ ಓದು ಬಾರದು, ನನಗೆಲ್ಲಿ ಕೊಡುತ್ತಾರೆ" ಎಂಬ ಸಂಕೋಚ ಬೇಡ. ಸ್ವಂತಕ್ಕೆ ಟ್ರ್ಯಾಕ್ಟರು ಬೈಕು ನಡೆಸಲು ಓದಿನ ಷರತ್ತು ಇಲ್ಲ. ಸಾರಿಗೆ ವಾಹನಗಳಿಗೆ ಮಾತ್ರ 8ನೆಯ ತರಗತಿ ಪಾಸಾಗಿರಬೇಕೆಂದಿತ್ತು. 2019ರಲ್ಲಿ ಅದನ್ನೂ ತೆಗೆದುಹಾಕಿದರು.

ಮೊದಲು ಕಲಿಯುವವರ ಲೈಸೆನ್ಸು, ಜನ ಎಲ್.ಎಲ್. ಎನ್ನುವುದು. ಸಾರಿಗೆ ಇಲಾಖೆಯ "ಸಾರಥಿ" ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮನೆಯ ಹುಡುಗರು ಫೋನಿನಲ್ಲಿಯೇ ತುಂಬಿಕೊಡುತ್ತಾರೆ. ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಬೇಕು. ರಸ್ತೆ ಚಿಹ್ನೆಗಳ ಬಗ್ಗೆ ಸಣ್ಣ ಪರೀಕ್ಷೆ ಇರುತ್ತದೆ. ಎಲ್.ಎಲ್. 6 ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಆರ್.ಟಿ.ಓ. ಕಚೇರಿಯಲ್ಲಿ ವಾಹನ ನಡೆಸಿ ತೋರಿಸಿ ಪಕ್ಕಾ ಲೈಸೆನ್ಸು ಪಡೆಯಬೇಕು. ಕೇಂದ್ರದ ನಿಯಮದಲ್ಲಿರುವ ಶುಲ್ಕ ಒಂದು ಬಗೆಯ ವಾಹನಕ್ಕೆ ಎಲ್.ಎಲ್.ಗೆ 150, ಅದರ ಪರೀಕ್ಷೆಗೆ 50, ನಡೆಸುವ ಪರೀಕ್ಷೆಗೆ 300, ಲೈಸೆನ್ಸಿಗೆ 200 ರೂಪಾಯಿ. ಕಾರ್ಡು, ಅಂಚೆ ಮುಂತಾದ ಚಿಲ್ಲರೆ ಖರ್ಚು ಇದರ ಮೇಲೆ. ಪರೀಕ್ಷೆಯಿಲ್ಲದೆ ಕೊಡಿಸುತ್ತೇನೆನ್ನುವ ದಲ್ಲಾಳಿಯ ಬಳಿ ಹೋಗಬೇಡಿರಿ. ನಕಲಿ ಕಾರ್ಡು ಎಂದು ಗೊತ್ತಿದ್ದೂ ಇಟ್ಟುಕೊಂಡವನಿಗೆ ಮೇಲೆ ಹೇಳಿದ ಯಾವ ರಕ್ಷಣೆಯೂ ಇಲ್ಲ.

ಎಲ್.ಎಲ್. ಇದ್ದ ಮಾತ್ರಕ್ಕೆ ಒಬ್ಬರೇ ರಸ್ತೆಗೆ ಇಳಿಯುವಂತಿಲ್ಲ. ಲೈಸೆನ್ಸಿರುವ ಕಲಿಸುವವರು ವಾಹನವನ್ನು ಹಿಡಿತಕ್ಕೆ ತೆಗೆದುಕೊಳ್ಳುವಂತೆ ಜೊತೆಗಿರಬೇಕು. ಮುಂದೆ ಹಿಂದೆ ಬಿಳಿಯ ಮೇಲೆ ಕೆಂಪು "ಎಲ್" ಫಲಕವಿರಬೇಕು. ಟ್ರ್ಯಾಕ್ಟರಿನಲ್ಲಿ ಇರುವುದೇ ಒಂದು ಆಸನ. ಹಾಗಾಗಿ ಕಲಿಯುವುದನ್ನು ಸ್ವಂತ ಹೊಲದಲ್ಲಿ, ಕೊಯ್ಲಾದ ಬಯಲಿನಲ್ಲಿ ಮುಗಿಸಿಕೊಳ್ಳುವುದೇ ಜಾಣತನ.

ಲೈಸೆನ್ಸು ಇರುವವರು ಅವಧಿಯನ್ನು ನೋಡಿಕೊಳ್ಳಬೇಕು. 30 ತುಂಬುವ ಮೊದಲು ಪಡೆದರೆ 40 ವರ್ಷದವರೆಗೆ ನಡೆಯುತ್ತದೆ. 30ರಿಂದ 50ರ ನಡುವೆ ಪಡೆದರೆ 10 ವರ್ಷ. 50ರಿಂದ 55ರ ನಡುವೆ ಪಡೆದರೆ 60ರವರೆಗೆ. ಆಮೇಲೆ 5 ವರ್ಷಕ್ಕೊಮ್ಮೆ. ಸಾರಿಗೆ ವಾಹನದ್ದು 5 ವರ್ಷ. ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತದೆಂಬ ಹಳೆಯ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಯಿತು. ಹಿರಿಯರು ಹಲವರು ಇನ್ನೂ ಅದನ್ನೇ ನಂಬಿದ್ದಾರೆ. ಈಗ ಮುಗಿದ ದಿನದಿಂದ ನವೀಕರಿಸಿದ ದಿನದವರೆಗೆ ಲೈಸೆನ್ಸು ಇಲ್ಲದವರ ಲೆಕ್ಕವೇ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು.